ಒಂದೇ ಫೈಲ್, ಡೆಸ್ಕ್‌ಟಾಪ್‌ನಲ್ಲೂ ವೆಬ್‌ನಲ್ಲೂ: ತಿದ್ದಿದ್ದು ಕಳೆದುಹೋಗದ ಹಾಗೆ ಕೆಲಸ ಮಾಡುವುದು ಹೇಗೆ?

‘ರಾತ್ರಿಯೆಲ್ಲಾ ಕೂತು ತಿದ್ದಿದ್ದೆ, ಈಗ ನೋಡಿದರೆ ಹಳೇದೇ ಇದೆ!’ ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪಾಪ, ಫೈಲ್ ಎಲ್ಲೂ ಹೋಗಿರುವುದಿಲ್ಲ. ತಿದ್ದಿದ್ದು ಒಂದು ಪ್ರತಿ, ಕಳಿಸಿದ್ದು ಇನ್ನೊಂದು.

ಹೆಜ್ಜೆ 1: ಎಲ್ಲಿ ಕೆಲಸ ಮಾಡಬೇಕು ಅಂತ ಮೊದಲೇ ತೀರ್ಮಾನಿಸಿ: ಡೆಸ್ಕ್‌ಟಾಪ್ (ಕಂಪ್ಯೂಟರಿನಲ್ಲಿ ಹಾಕಿಕೊಂಡ ಆ್ಯಪ್) ಅಥವಾ ವೆಬ್ (ಬ್ರೌಸರಿನಲ್ಲಿ ತೆರೆಯುವುದು). ಎಕ್ಸೆಲ್ ಫೈಲಿನಲ್ಲಿ ಮ್ಯಾಕ್ರೋ (ಒಂದೇ ಕೆಲಸವನ್ನು ಮತ್ತೆ ಮತ್ತೆ ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂ) ಇದ್ದರೆ ಡೆಸ್ಕ್‌ಟಾಪೇ ಸರಿ. ವೆಬ್‌ನ ಎಕ್ಸೆಲ್‌ನಲ್ಲಿ ಫೈಲ್ ತೆರೆಯುತ್ತದೆ, ಆದರೆ ವಿಬಿಎ ಭಾಷೆಯಲ್ಲಿ ಬರೆದ ಮ್ಯಾಕ್ರೋ ಓಡುವುದಿಲ್ಲ. ನಾಲ್ಕು ಜನ ಸೇರಿ ತಿದ್ದುವ ಕೆಲಸವಾದರೆ ವೆಬ್.

ಹೆಜ್ಜೆ 2: ಫೈಲನ್ನು ಒನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ (ಇಂಟರ್ನೆಟ್‌ನಲ್ಲಿ ಫೈಲ್ ಇಡುವ ಜಾಗಗಳು) ಅಪ್‌ಲೋಡ್ ಮಾಡಿ.

ಹೆಜ್ಜೆ 3: ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ವರ್ಡ್ ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆದಾಗ ಹೆಸರಿನ ಪಕ್ಕ ‘.DOCX’ ಅನ್ನುವ ಪುಟ್ಟ ಚೀಟಿ ಕಂಡರೆ, ನೀವು ತಿದ್ದುತ್ತಿರುವುದು ಆ ವರ್ಡ್ ಫೈಲನ್ನೇ. ಫೈಲ್ ಮೆನುವಿನಲ್ಲಿ ‘ಸೇವ್ ಆ್ಯಸ್ ಗೂಗಲ್ ಡಾಕ್ಸ್’ ಒತ್ತಿದಿರೋ, ಹೊಸದೊಂದು ಪ್ರತಿ ಹುಟ್ಟುತ್ತದೆ. ಹಳೆಯದೂ ಡ್ರೈವ್‌ನಲ್ಲಿ ಹಾಗೇ ಉಳಿದಿರುತ್ತದೆ. ಸುಮ್ನೆ ಒತ್ತಬೇಡಿ.

ಡೌನ್‌ಲೋಡ್ ಕಥೆಯೂ ಇದೇ. ಡೌನ್‌ಲೋಡ್ ಆಗುವುದು ಬರೀ ಪ್ರತಿ. ಅದರಲ್ಲಿ ಏನೇ ತಿದ್ದಿದರೂ ವೆಬ್‌ಗೆ ತಾನಾಗಿ ಹೋಗುವುದಿಲ್ಲ. ಒನ್‌ಡ್ರೈವ್‌ನಲ್ಲಿರುವ ಫೈಲಾದರೆ ಡೌನ್‌ಲೋಡ್ ಬೇಡವೇ ಬೇಡ, ‘ಓಪನ್ ಇನ್ ಡೆಸ್ಕ್‌ಟಾಪ್ ಆ್ಯಪ್’ ಒತ್ತಿ. ಅದೇ ಫೈಲ್ ಕಂಪ್ಯೂಟರಿನ ವರ್ಡ್‌ನಲ್ಲಿ ತೆರೆಯುತ್ತದೆ. ಮೇಲೆ ಎಡಗಡೆ ಆಟೋಸೇವ್ ಆನ್ ಇದೆಯಾ ನೋಡಿ.

ಗೂಗಲ್ ಡ್ರೈವ್‌ನ ವರ್ಡ್ ಫೈಲನ್ನು ಡೌನ್‌ಲೋಡ್ ಮಾಡಿ ತಿದ್ದಲೇಬೇಕಾಗಿ ಬಂದರೆ, ಆಮೇಲೆ ‘ಮ್ಯಾನೇಜ್ ವರ್ಷನ್ಸ್’ ಮೂಲಕ ಅದೇ ಫೈಲಿನ ಮೇಲೆ ಏರಿಸಿ. ಲಿಂಕ್ ಬದಲಾಗುವುದಿಲ್ಲ. ಮರೆಯದೆ ಡೌನ್‌ಲೋಡ್ಸ್ ಫೋಲ್ಡರಿನಲ್ಲಿರುವುದನ್ನು ಅಳಿಸಿ. ‘ಫೈನಲ್’, ‘ಫೈನಲ್ 2’ ಅಂತ ಹೆಸರಿಡುವ ಅಭ್ಯಾಸ ಇವತ್ತೇ ಬಿಟ್ಟುಬಿಡಿ.

ಈಗಾಗಲೇ ಎರಡು ಪ್ರತಿಯಲ್ಲೂ ತಿದ್ದಿಬಿಟ್ಟಿದ್ದೀರಾ? ಗಾಬರಿ ಬೇಡ. ಡೆಸ್ಕ್‌ಟಾಪ್ ವರ್ಡ್‌ನ ರಿವ್ಯೂ ಟ್ಯಾಬ್‌ನಲ್ಲಿ ‘ಕಂಪೇರ್’ ಇದೆ. ಎರಡನ್ನೂ ಕೊಟ್ಟರೆ ಎಲ್ಲೆಲ್ಲಿ ವ್ಯತ್ಯಾಸ ಅಂತ ಗುರುತು ಹಾಕಿ ತೋರಿಸುತ್ತದೆ.

ಇನ್ನೊಂದು ಮಾತು. ಫೈಲಿನ ರೂಪ ಬದಲಿಸಿಕೊಡುವ ಉಚಿತ ಸೈಟುಗಳಿಗೆ ನಿಮ್ಮ ಕಾಗದಪತ್ರ ಹಾಕಬೇಡಿ. ಅದು ಯಾರ ಕೈ ಸೇರುತ್ತದೋ ಗೊತ್ತಾಗುವುದಿಲ್ಲ. ವರ್ಡ್, ಡಾಕ್ಸ್ ಎರಡರಲ್ಲೂ ಪಿಡಿಎಫ್ ಮಾಡುವ ದಾರಿ ಇದ್ದೇ ಇದೆ.

ಹೆಜ್ಜೆ 4: ನೆಟ್ ಹೋಗುವ ಮೊದಲೇ ಗೂಗಲ್ ಡಾಕ್ಸ್‌ನ ಆಫ್‌ಲೈನ್ ಸೌಲಭ್ಯ ಆನ್ ಮಾಡಿ. ಹೋದ ಮೇಲೆ ಆಗುವುದಿಲ್ಲ.

ಹೆಜ್ಜೆ 5: ವೆಬ್‌ನಲ್ಲಿ ಸೇವ್ ತಾನಾಗಿ ಆಗುತ್ತದೆ. ಕಂಪ್ಯೂಟರಿನಲ್ಲಷ್ಟೇ ಇರುವ ಫೈಲಿಗೆ ಕಂಟ್ರೋಲ್-ಎಸ್ ನೀವೇ ಒತ್ತಬೇಕು. ವರ್ಡ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಆಟೋರಿಕವರ್ ಪ್ರತಿ ಇಟ್ಟುಕೊಳ್ಳುತ್ತದೆ ನಿಜ, ಆದರೆ ಅದು ಸೇವ್ ಅಲ್ಲ. ಅದನ್ನು ನಂಬಿ ಕೂರಬೇಡಿ.

ಹೆಜ್ಜೆ 6: ಲಿಂಕ್ ಕಳಿಸುವ ಮೊದಲು ಅದೇ ಲಿಂಕನ್ನು ನೀವೇ ಬ್ರೌಸರಿನಲ್ಲಿ ತೆರೆಯಿರಿ. ಕೊನೆಗೆ ತಿದ್ದಿದ ಸಾಲು ಎಲ್ಲಿತ್ತೋ ಅಲ್ಲಿಗೆ ಹೋಗಿ ನೋಡಿ. ಕಾಣದಿದ್ದರೆ ಕಳಿಸಬೇಡಿ, 3ನೇ ಹೆಜ್ಜೆಗೆ ವಾಪಸ್ ಹೋಗಿ.