ಬೇಸ್‌ಮೆಂಟ್‌ಗೆ ನೆಲ ಹಾಕಿ, ಬಸಿಗಾಲುವೆ ಮುಚ್ಚಬೇಡಿ

ಅಮೆರಿಕದ ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆ ಹಳೇ ಮನೆ ಕೊಂಡ ಕನ್ನಡಿಗರಿಗೆ ಬೇಸ್‌ಮೆಂಟ್ ಅಂದರೆ ಅರ್ಧ ಮನೆ. ದಸರಾ ಗೊಂಬೆ ಕೂರಿಸುವುದು ಅಲ್ಲಿ, ಭಜನೆ ಅಲ್ಲಿ, ಮಕ್ಕಳ ಆಟವೂ ಅಲ್ಲೇ. ಹಾಗಾಗಿ ಅದರ ನೆಲ ಸರಿ ಮಾಡಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಕೆಲವು ಮನೆಗಳಲ್ಲಿ ಕಾಂಕ್ರೀಟ್ ನೆಲ ಗೋಡೆಯನ್ನು ಮುಟ್ಟುವುದೇ ಇಲ್ಲ. ಒಂದೆರಡು ಇಂಚು ಈಚೆಗೇ ನಿಂತಿರುತ್ತದೆ. ಗೋಡೆಯ ಬುಡದಲ್ಲಿ ಸುತ್ತಲೂ ಒಂದು ಸಂದು. ನಮ್ಮ ಮನೆಯಲ್ಲೂ ಹೀಗೇ ಇತ್ತು. ನೋಡುವುದಕ್ಕೆ ಚೆನ್ನಾಗಿಲ್ಲ, ಸಿಮೆಂಟ್ ತುಂಬಿಸಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ತುಂಬಿಸಬೇಡಿ.

ಅದು ಬೇಕೆಂದೇ ಬಿಟ್ಟ ದಾರಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುತ್ತಾರಲ್ಲ, ಇದರದ್ದೂ ಅದೇ ಕೆಲಸ. ಮಾರ್ಚ್, ಏಪ್ರಿಲ್‌ನಲ್ಲಿ ಹಿಮ ಕರಗಿದಾಗ ಮನೆ ಸುತ್ತಲಿನ ಮಣ್ಣು ನೀರು ಕುಡಿದು ತುಂಬಿಕೊಳ್ಳುತ್ತದೆ. ಆ ನೀರು ಗೋಡೆಯನ್ನೂ ನೆಲವನ್ನೂ ಒತ್ತುತ್ತದೆ. ಟೊಳ್ಳು ಬ್ಲಾಕ್ ಗೋಡೆಯೊಳಗೆ ಜಿನುಗಿದ್ದು ಕೆಳಗಿಳಿದು ಈ ಸಂದಿಗೆ ಬೀಳುತ್ತದೆ. ಅಲ್ಲಿಂದ ಜಲ್ಲಿಯೊಳಗೆ, ತೂತಿನ ಪೈಪಿನೊಳಗೆ ಹರಿದು ಮೂಲೆಯ ಗುಂಡಿ ಸೇರುತ್ತದೆ. ಆ ಗುಂಡಿಗೆ ಇಲ್ಲಿ ಸಂಪ್ ಎನ್ನುತ್ತಾರೆ. ಬೆಂಗಳೂರಿನ ಸಂಪು ನೀರು ಕೂಡಿಡುವುದಕ್ಕೆ, ಇಲ್ಲಿಯದು ಪಂಪ್ ಇಟ್ಟು ನೀರನ್ನು ಆಚೆ ಹಾಕುವುದಕ್ಕೆ. ಸಂದು ಮುಚ್ಚಿದಿರಿ ಅನ್ನಿ, ನೀರೇನೂ ವಾಪಸ್ ಹೋಗುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಜಲ ಏಳುವ ಹಾಗೆ ನೆಲದ ಬಿರುಕಿನಿಂದ ಮೇಲೆ ಬರುತ್ತದೆ. ನೀವು ಹಾಕಿದ ಹೊಸ ನೆಲದ ಅಡಿಯಲ್ಲೇ.

ಮೊದಲ ಕೆಲಸ ಮನೆಯ ಹೊರಗೆ

ಸೂರಿನ ನೀರು ಗೋಡೆ ಬುಡಕ್ಕೇ ಸುರಿಯುತ್ತಿದ್ದರೆ ಒಳಗೆ ಎಷ್ಟು ಖರ್ಚು ಮಾಡಿದರೂ ಸುಮ್ನೆ. ಸೂರಿನಂಚಿನ ದೋಣಿಯ ಎಲೆ, ಕಸ ತೆಗೆಯಿರಿ. ಪೈಪನ್ನು ಗೋಡೆಯಿಂದ ದೂರಕ್ಕೆ ತಿರುಗಿಸಿ. ಮನೆಯಿಂದಾಚೆಗೆ 10 ಅಡಿಯಲ್ಲಿ ನೆಲ 6 ಇಂಚಾದರೂ ಇಳಿಜಾರಿರಬೇಕು.

ಆಮೇಲೆ ಕಾಲುವೆ ನೋಡಿ. ಬೋರಲು ಮಲಗಿ, ಟಾರ್ಚ್ ಬಿಟ್ಟು ನೋಡಬೇಕು. ನಮ್ಮಲ್ಲಿ ಕಂಡಿದ್ದು ಹೂಳು, ಹಳೇ ಬಣ್ಣದ ಚಕ್ಕೆ, ಒಂದು ಮೂಲೆಯಲ್ಲಿ ಕಿತ್ತಳೆ ಬಣ್ಣದ ಲೋಳೆ. ಈ ಲೋಳೆ ಕಬ್ಬಿಣದ ಅಂಶವಿರುವ ನೀರಿನಲ್ಲಿ ಬ್ಯಾಕ್ಟೀರಿಯಾದಿಂದ ಬೆಳೆಯುತ್ತದೆ, ಪೈಪಿನ ತೂತುಗಳನ್ನು ಕಟ್ಟಿಹಾಕುತ್ತದೆ. ನೀರು ಎಳೆಯುವ ವ್ಯಾಕ್ಯೂಮ್‌ನಿಂದ ಎಲ್ಲ ತೆಗೆದೆವು. ನಂತರ ಸಂಪ್‌ಗೆ ದೂರದ ಮೂಲೆಯಲ್ಲಿ ಎರಡು ಬಕೆಟ್ ನೀರು ಹೊಯ್ದು ಕಾದೆವು. ಅದು ಬಂದು ಗುಂಡಿಗೆ ಬಿತ್ತು, ಫ್ಲೋಟ್ ಎದ್ದಿತು, ಪಂಪ್ ಶುರುವಾಯಿತು. ಇಷ್ಟು ಆಗುವವರೆಗೆ ನೆಲದ ಸಾಮಾನು ತರಬೇಡಿ. ಸಾಧ್ಯವಾದರೆ ಒಂದು ಹಿಮ ಕರಗುವ ಕಾಲ ಪೂರ್ತಿ ಕಾದು ನೋಡುವುದು ಇನ್ನೂ ಒಳ್ಳೆಯದು.

ಹಳೇ ಮನೆಯ ನೆಲಕ್ಕೆ 9 ಇಂಚು ಚೌಕದ ಟೈಲ್ ಅಂಟಿಸಿದ್ದರೆ ಕೀಳಬೇಡಿ. ಅದರಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಆಸ್ಬೆಸ್ಟಾಸ್ ನಾರು ಇರಬಹುದು. ಪರೀಕ್ಷೆ ಮಾಡಿಸಿ.

ರೇಡಾನ್

ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಮಣ್ಣಿನಿಂದ ಬರುವ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೆರಿಕದಲ್ಲಿ ಸಿಗರೇಟು ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರ್‌ಗೆ ಇದೇ ದೊಡ್ಡ ಕಾರಣ. ತೆರೆದ ಸಂದು ಅದಕ್ಕೂ ಬಾಗಿಲು. ಪರೀಕ್ಷೆಯ ಕಿಟ್ ಅಂಗಡಿಯಲ್ಲೇ ಸಿಗುತ್ತದೆ. ಒಂದು ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣದ ಅಳತೆ) ಅಥವಾ ಹೆಚ್ಚು ಬಂದರೆ ಮನೆ ಸರಿಪಡಿಸಿಕೊಳ್ಳಿ ಎನ್ನುತ್ತದೆ ಇಲ್ಲಿನ ಪರಿಸರ ಇಲಾಖೆ. ಆಗ ಸಂದಿನ ಬಾಯಿಯನ್ನು ಮಾತ್ರ ಗಾಳಿಯಾಡದ ಹಾಗೆ ಮುಚ್ಚಿ, ನೆಲದಡಿಯ ಗಾಳಿಯನ್ನು ಫ್ಯಾನ್‌ನಿಂದ ಸೂರಿನ ಮೇಲಕ್ಕೆ ಎಳೆಯುತ್ತಾರೆ. ಇದು ಒಳಗಿನ ಹೊಸ ಗೋಡೆ ಏಳುವ ಮೊದಲೇ ಆಗಬೇಕು, ತಿಳಿದವರೇ ಮಾಡಬೇಕು.

ಗೋಡೆಯ ನೀರನ್ನು ಕಾಲುವೆಗೆ ಇಳಿಸಿ

ಗೋಡೆಗೆ ಡಿಂಪಲ್ ಶೀಟ್ ಹೊಡೆಯಿರಿ. ದಪ್ಪ ಪ್ಲಾಸ್ಟಿಕ್ ಹಾಳೆ, ಮೈತುಂಬ ಸಣ್ಣ ಗುಬುಟು. ಗುಬುಟು ಗೋಡೆ ಕಡೆಗಿರಲಿ. ಅವುಗಳ ನಡುವಿನ ಜಾಗದಲ್ಲಿ ನೀರು ಇಳಿಯುತ್ತದೆ. ಹಾಳೆಯ ಕೆಳತುದಿ ಸಂದಿನೊಳಗೆ ಹೋಗಿರಬೇಕು, ನೆಲದ ಮೇಲೆ ಮಡಿಸಿ ಬಿಡಬಾರದು. ರೇಡಾನ್‌ಗಾಗಿ ಬಾಯಿ ಮುಚ್ಚುವುದಾದರೆ ಹಾಳೆಯ ತುದಿ ಇಳಿಸಿದ ಮೇಲೆ, ಅದರ ಈಚೆಗೆ ಫೋಮ್ ಹಗ್ಗ ತುರುಕಿ, ಮೇಲೆ ಪಾಲಿಯುರೆಥೇನ್ ಸೀಲಂಟ್ ಎಳೆಯುತ್ತಾರೆ. ಅಡಿಯಲ್ಲಿ ಕಾಲುವೆ ಖಾಲಿಯಾಗಿಯೇ ಇರುತ್ತದೆ.

ಹಾಳೆಯ ಮುಂದೆ ಗಟ್ಟಿ ಫೋಮ್ ಬೋರ್ಡ್, ಅದರ ಮುಂದೆ ಮರದ ಚೌಕಟ್ಟು. ಚೌಕಟ್ಟು ಪೂರ್ತಿ ನೆಲದ ಮೇಲೇ ನಿಲ್ಲಲಿ, ಸಂದಿನ ಮೇಲೆ ಚಾಚಬಾರದು. ತಳದ ಪಟ್ಟಿ ಗೆದ್ದಲು, ತೇವ ತಡೆಯುವ ಔಷಧಿ ಹಾಕಿದ ಮರದ್ದೇ ಆಗಿರಲಿ. ಜಿಪ್ಸಂ ಬೋರ್ಡನ್ನು ನೆಲದಿಂದ ಅರ್ಧ ಇಂಚು ಎತ್ತಿ ಹೊಡೆಯಿರಿ. ನೆಲಕ್ಕೆ ತಾಗಿದರೆ ಬತ್ತಿಯ ಹಾಗೆ ನೀರು ಹೀರುತ್ತದೆ.

ಈಗ ನೆಲ

18 ಇಂಚು ಚೌಕದ ಪ್ಲಾಸ್ಟಿಕ್ ತುಂಡನ್ನು ಕಾಂಕ್ರೀಟ್ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. 16 ಗಂಟೆ ಬಿಟ್ಟು ತೆಗೆಯಿರಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೆಲ ಬೆವರುತ್ತಿದೆ ಎಂದರ್ಥ. ಎರಡು ಮೂರು ಕಡೆ ಮಾಡಿ ನೋಡಿ.

ನಮ್ಮ ಮನೆಯಲ್ಲಿ ಎಡವಟ್ಟಾಗಿದ್ದು ಇದಾದ ಮೇಲೆ. ತಗ್ಗುಗಳನ್ನು ಸಮ ಮಾಡಲು ಗುತ್ತಿಗೆದಾರರು ತಾನಾಗಿ ಹರಡುವ ಸಿಮೆಂಟ್ ಗಾರೆ ಸುರಿದರು. ದೋಸೆ ಹಿಟ್ಟಿಗಿಂತ ತೆಳ್ಳಗಿನ ಗಾರೆ. ಅಂಚಿಗೆ ಅಡ್ಡ ಕಟ್ಟಿರಲಿಲ್ಲ. ನೋಡುತ್ತಿದ್ದ ಹಾಗೇ ಒಂದು ಮಗ್ಗುಲಿಗೆ ಹರಿದು ಸಂದಿಗೆ ಇಳಿಯಿತು. ಗಟ್ಟಿಯಾಗುವುದರೊಳಗೆ ಕರಣೆಯಲ್ಲಿ ಬಾಚಿದ್ದು ಸ್ವಲ್ಪ, ಉಳಿದದ್ದನ್ನು ಮಾರನೇ ದಿನ ಉಳಿಯಿಂದ ಒಡೆದು ತೆಗೆಯಬೇಕಾಯಿತು. ನಾಲ್ಕು ಅಡಿ ಉದ್ದಕ್ಕೆ ಇಡೀ ದಿನ ಹಿಡಿಯಿತು. ನೀವು ಸುರಿಯುವ ಮೊದಲು ಅಂಚಿನುದ್ದಕ್ಕೂ ಫೋಮ್ ಪಟ್ಟಿ ನಿಲ್ಲಿಸಿ, ಬುಡಕ್ಕೆ ಸೀಲಂಟ್ ಹಾಕಿ ಒಂದು ದಂಡೆ ಕಟ್ಟಿ.

ಸಮವಾದ ನೆಲದ ಮೇಲೆ, ಅಡಿಗೆ ಪ್ಲಾಸ್ಟಿಕ್ ಗುಬುಟು ಇರುವ ಸಬ್‌ಫ್ಲೋರ್ ಹಲಗೆ ಜೋಡಿಸಿ. ಗುಬುಟಿನ ಜಾಗದಲ್ಲಿ ಗಾಳಿಯಾಡುತ್ತದೆ, ಕಾಲಿಗೆ ತಣ್ಣಗೆ ಕೊರೆಯುವುದೂ ಕಡಿಮೆ. ಅದರ ಮೇಲೆ ವಿನೈಲ್ ಹಲಗೆ ನನ್ನ ಆಯ್ಕೆ. ಕಾರ್ಪೆಟ್ ಬೇಡ, ಗಟ್ಟಿ ಮರದ ಹಲಗೆಯೂ ಬೇಡ. ಗೋಡೆಯ ಹತ್ತಿರ ಕಾಲು ಇಂಚು ಬಿಡಿ. ಆ ಸಂದನ್ನು ಪಿವಿಸಿ ಪಟ್ಟಿಯಿಂದ ಮರೆಮಾಡಿ.

ಪಂಪಿಗೆ ಬ್ಯಾಟರಿ ಇಡಿಸಿ, ಏಕೆಂದರೆ ಜೋರು ಮಳೆಯಲ್ಲೇ ಕರೆಂಟ್ ಹೋಗುವುದು. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಗೆ 3.15 ಇಂಚು ಸುರಿಯಿತು. ಆ ನಗರದಲ್ಲಿ ಬೇಸ್‌ಮೆಂಟ್ ಮನೆಗಳಲ್ಲಿದ್ದ 11 ಜನ ಸತ್ತರು. ಊರಿಂದ ಬಂದ ಅಪ್ಪ ಅಮ್ಮನಿಗೆ ಕೆಳಗೆ ಮಲಗಲು ಕೋಣೆ ಮಾಡುವುದಾದರೆ, ಆಚೆ ಹತ್ತಿ ಹೋಗುವಷ್ಟು ದೊಡ್ಡ ಕಿಟಕಿ ಇಲ್ಲದೆ ಮಾಡಬೇಡಿ. ಕಾನೂನೂ ಅದನ್ನೇ ಕೇಳುತ್ತದೆ.

ಕೊನೆಗೆ, ಪ್ರತಿ ಮೂಲೆಯಲ್ಲೂ ಗೋಡೆಯ ಬುಡಕ್ಕೆ ಒಂದು ಅಡಿ ಅಗಲದ ಸಣ್ಣ ಬಾಗಿಲು ಇಡಿಸಿ. ಅದರ ಒಳಗೆ ಫೋಮ್ ಬೋರ್ಡ್ ತುಂಡು ಬಿಚ್ಚಿ ತೆಗೆಯುವ ಹಾಗಿರಲಿ, ರೇಡಾನ್‌ಗೆ ಸೀಲ್ ಮಾಡಿದ್ದರೆ ತಿರುಪಿನ ಮುಚ್ಚಳವನ್ನೂ ಕೇಳಿ ಹಾಕಿಸಿ. ಬಸಿಗಾಲುವೆಯ ಹೂಳನ್ನು ಮಳೆಗಾಲಕ್ಕೆ ಮುಂಚೆ ತೆಗೆಯುತ್ತಾರೆ, ಅಲ್ವಾ? ಇಲ್ಲಿ ಆ ಕೆಲಸ ಫೆಬ್ರವರಿಯಲ್ಲಿ. ನಾವು ನಾಲ್ಕು ತಿರುಪು ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ಒಂದು ಬಕೆಟ್ ನೀರು ಹೊಯ್ಯುತ್ತೇವೆ. ಪಂಪಿನ ಸದ್ದು ಕೇಳಿದ ಮೇಲೆ ಬಾಗಿಲು ಮುಚ್ಚುತ್ತೇವೆ.