ಎರಡು ಲಿಪಿ, ಎರಡು ಮೆಷಿನ್: ಕಾಸರಗೋಡಿನ ಪ್ರೆಸ್ಸಿನಲ್ಲಿ ನನ್ನ ಅನುಭವ

ಆಫ್‌ಸೆಟ್ (ಪ್ಲೇಟ್ ಅನ್ನುವ ಅಚ್ಚಿನ ತಗಡು ಹಾಕಿ ಓಡಿಸುವ ಮೆಷಿನ್) ಇರುವ ಪ್ರೆಸ್ಸಿಗೆ ಡಿಜಿಟಲ್ (ಪ್ಲೇಟ್ ಇಲ್ಲದೆ ಫೈಲಿನಿಂದ ನೇರ ಅಚ್ಚು ಹಾಕುವ ಮೆಷಿನ್) ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಕಡಿಮೆ ಪ್ರತಿ ಇದ್ದರೆ ಡಿಜಿಟಲ್, ಜಾಸ್ತಿ ಇದ್ದರೆ ಆಫ್‌ಸೆಟ್ ಅನ್ನುವುದು ಎಲ್ಲರೂ ಹೇಳುವ ಉತ್ತರ. ಅದು ಸರಿಯೇ. ನಮ್ಮಲ್ಲಿ ಹಾಳೆಗಳು 400–500 ದಾಟಿದರೆ ಆಫ್‌ಸೆಟ್ಟೇ ಅಗ್ಗ. ಆದರೆ ನನಗೆ ನಿಜವಾದ ಪ್ರಯೋಜನ ಸಿಕ್ಕಿದ್ದು ಎರಡನ್ನೂ ಒಂದೇ ಹಾಳೆಯ ಮೇಲೆ ಸೇರಿಸಿದಾಗ. ಅದಕ್ಕೆ ಕಾರಣ ನಮ್ಮ ಊರಿನ ಭಾಷೆಗಳು.

ಕಾಸರಗೋಡಿನಲ್ಲಿ ಮದುವೆ ಕಾಗದ ಒಂದೇ ಭಾಷೆಯಲ್ಲಿ ಮುಗಿಯುವುದು ಕಡಿಮೆ. ಹುಡುಗಿ ಬದಿಯಡ್ಕದ ಕಡೆಯವಳು, ಹುಡುಗ ಕಾಞಂಗಾಡಿನವನು ಅಂತ ಇಟ್ಟುಕೊಳ್ಳಿ. ಮಲಯಾಳದಲ್ಲಿ 700, ಇಂಗ್ಲಿಷಿನಲ್ಲಿ 200, ಕನ್ನಡದಲ್ಲಿ 60 ಸಾಕು, ಅಜ್ಜನ ಮನೆ ಕಡೆಯವರಿಗೆ ಮಾತ್ರ ಅನ್ನುತ್ತಾರೆ. ಆ 60 ಪ್ರತಿಗೆ ಬೇರೆಯೇ ಪ್ಲೇಟ್ ಹಾಕಿದರೆ ಒಂದೊಂದು ಕಾಗದದ ಬೆಲೆ ಕೇಳಿ ಮನೆಯವರು ಗಾಬರಿಯಾಗುತ್ತಾರೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕನ್ನಡ ಕಾಗದವೇ ಬಿಟ್ಟುಹೋಗುತ್ತಿತ್ತು. ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣದಲ್ಲಿ ಲೆಕ್ಕ ತಿರುಗಾಮುರುಗಾ. ಅಲ್ಲಿ ಕನ್ನಡ ಸಾವಿರಾರು, ಮಲಯಾಳ ನೂರೋ ಇನ್ನೂರೋ. ಕಡಿಮೆ ಇರುವ ಭಾಷೆ ಯಾವುದೇ ಆಗಲಿ, ಅದರ ಕಾಗದವೂ ಉಳಿದದ್ದರ ಹಾಗೆಯೇ ಚೆನ್ನಾಗಿ ಬರಬೇಕು ಅನ್ನುವುದು ನನ್ನ ಹಟ.

ನಾನು ಮಾಡುವ ಕ್ರಮ ಹೀಗೆ. ಬಣ್ಣದ ಆಫ್‌ಸೆಟ್ ಕೆಲಸಕ್ಕೆ ನಾಲ್ಕು ಪ್ಲೇಟ್ ಬೇಕು: ಸಯಾನ್, ಮಜೆಂಟಾ, ಹಳದಿ, ಕಪ್ಪು. ಮೂರು ಭಾಷೆಯನ್ನು ಮೂರು ಬೇರೆ ಕೆಲಸ ಅಂತ ನೋಡಿದರೆ 12 ಪ್ಲೇಟ್. ಜೊತೆಗೆ ಪ್ರತಿ ಸಲ ರಿಜಿಸ್ಟರ್ ಕೂರಿಸುವಾಗ, ಅಂದರೆ ಬಣ್ಣಗಳನ್ನು ಒಂದರ ಮೇಲೊಂದು ಸರಿಯಾಗಿ ಹೊಂದಿಸುವಾಗ, ಹಾಳೆ ವೇಸ್ಟ್ ಬೇರೆ. ನಾನು ಹಿನ್ನೆಲೆಯ ಹೂವು, ಬಳ್ಳಿ, ದೇವರ ಚಿತ್ರ ಎಲ್ಲವನ್ನೂ ಕಪ್ಪು ಬಿಟ್ಟು ಮೂರೇ ಬಣ್ಣದಲ್ಲಿ ಮಾಡಿಸುತ್ತೇನೆ. ಕಪ್ಪಿನಲ್ಲಿ ಅಕ್ಷರ ಮಾತ್ರ. ಮಲಯಾಳದ 700 ಆದ ಮೇಲೆ ಕಪ್ಪು ಪ್ಲೇಟ್ ಒಂದನ್ನೇ ಬದಲಿಸಿ ಇಂಗ್ಲಿಷ್ ಓಡಿಸುವುದು. ಆಮೇಲೆ ಕಪ್ಪಿನ ಯೂನಿಟ್ ನಿಲ್ಲಿಸಿ, ಅಕ್ಷರ ಇಲ್ಲದ ಬರೀ ಬಣ್ಣದ ಹಾಳೆಗಳನ್ನು ತೆಗೆದಿಡುವುದು. ಅವು ಒಣಗಿದ ಮೇಲೆ ಡಿಜಿಟಲ್ ಮೆಷಿನ್ನಿಗೆ ಹಾಕಿ ಕನ್ನಡ ಅಕ್ಷರ ಅಚ್ಚು ಹಾಕುವುದು. ಒಟ್ಟು ಪ್ಲೇಟ್ ಐದು! ಕನ್ನಡದ ಆ 60 ಕಾಗದ ಮಲಯಾಳದ್ದರ ಪಕ್ಕ ಇಟ್ಟರೆ ಬಣ್ಣ ಒಂದೇ, ಕಾಗದ ಒಂದೇ. ಬೇಕಿದ್ದರೆ ಒಂದೊಂದರ ಮೇಲೂ ಅತಿಥಿಯ ಹೆಸರನ್ನೇ ಅಚ್ಚು ಹಾಕಬಹುದು, ಅದು ಆಫ್‌ಸೆಟ್‌ನಲ್ಲಿ ಆಗದ ಮಾತು.

ಇದು ಕೆಲಸ ಮಾಡಬೇಕಾದರೆ ಫೈಲಿನಲ್ಲೇ ಒಂದು ವಿಷಯ ಸರಿ ಇರಬೇಕು. ಅಕ್ಷರ ನೂರಕ್ಕೆ ನೂರು ಕಪ್ಪು ಆಗಿರಬೇಕು, ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೆಯೇ ಅಚ್ಚು ಬೀಳುವ ಸೆಟ್ಟಿಂಗ್) ಹಾಕಿರಬೇಕು. ಓವರ್‌ಪ್ರಿಂಟ್ ಇಲ್ಲದಿದ್ದರೆ ಬಣ್ಣದ ಮೂರು ಪ್ಲೇಟಿನಲ್ಲೂ ಅಕ್ಷರದ ಆಕಾರದ ತೂತು ಬೀಳುತ್ತದೆ. ಮಲಯಾಳ ಅಕ್ಷರದ ತೂತಿನ ಮೇಲೆ ಕನ್ನಡ ಅಕ್ಷರ ಹೇಗೆ ಕೂರುತ್ತದೆ, ಅಲ್ವಾ? ವರ್ಡ್‌ನಲ್ಲಿ ಮಾಡಿ ಕಳಿಸುವ ಫೈಲಿನಲ್ಲಿ ಕಪ್ಪು ಅಂತ ಕಾಣುವುದು ನಾಲ್ಕೂ ಬಣ್ಣ ಸೇರಿದ ಕಪ್ಪಾಗಿಬಿಡುತ್ತದೆ. ಅದನ್ನು ಹಾಗೇ ಪ್ಲೇಟಿಗೆ ಕಳಿಸಿದರೆ ರಿಜಿಸ್ಟರ್ ಕೂದಲೆಳೆಯಷ್ಟು ಸರಿದರೂ ಕನ್ನಡದ ಒತ್ತಕ್ಷರ ಮಸುಕಾಗುತ್ತದೆ. ಆದ್ದರಿಂದ ಪ್ರತಿ ಫೈಲಿನ ಸೆಪರೇಶನ್ (ಒಂದೊಂದು ಬಣ್ಣವನ್ನೂ ಬೇರೆಯಾಗಿ ತೋರಿಸುವ ನೋಟ) ತೆರೆದು ನೋಡದೆ ಪ್ಲೇಟಿಗೆ ಕೊಡುವುದಿಲ್ಲ.

ಒತ್ತಕ್ಷರದ ಮಾತು ಬಂತು, ಹೇಳಿಬಿಡುತ್ತೇನೆ. ಇನ್‌ಡಿಸೈನ್‌ನಲ್ಲಿ (ಪುಟ ವಿನ್ಯಾಸದ ಸಾಫ್ಟ್‌ವೇರ್) ಯೂನಿಕೋಡ್ ಕನ್ನಡ ಹಾಕುವಾಗ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಒತ್ತು ಒಡೆದು ಪಕ್ಕಕ್ಕೆ ಬೀಳುತ್ತದೆ. ಹಳೆ ನುಡಿ, ಬರಹ ಫಾಂಟಿನ ಫೈಲ್ ಆದರೆ ಫಾಂಟ್ ಸೇರಿಸಿದ ಪಿಡಿಎಫ್ ಕೇಳಿ ತೆಗೆದುಕೊಳ್ಳಿ.

ಆಫ್‌ಸೆಟ್ ಹಾಳೆಯ ಮೇಲೆ ಟೋನರ್ (ಡಿಜಿಟಲ್ ಮೆಷಿನ್ನಿನ ಪುಡಿ ಶಾಯಿ) ಕೂರಿಸುವುದೇ ನಾಜೂಕಿನ ಕೆಲಸ. ಡಿಜಿಟಲ್ ಮೆಷಿನ್ನಿನ ಫ್ಯೂಸರ್ (ಟೋನರನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಭಾಗ) ತುಂಬ ಬಿಸಿ. ಸರಿಯಾಗಿ ಒಣಗದ ಶಾಯಿ ಅದರ ರೋಲರಿಗೆ ಹತ್ತಿಕೊಳ್ಳುತ್ತದೆ, ಮುಂದಿನ ಹಾಳೆಗಳಲ್ಲಿ ನೆರಳು ಬೀಳುತ್ತದೆ. ಅದಕ್ಕೇ ಇಂಥ ಕೆಲಸಕ್ಕೆ ಲೇಸರ್ ಪ್ರಿಂಟರಿನ ಬಿಸಿ ತಡೆಯುವ ಶಾಯಿ ಕೇಳಿ ತರುತ್ತೇನೆ. ಸ್ಪ್ರೇ ಪೌಡರ್ (ಹಾಳೆಗಳು ಒಂದಕ್ಕೊಂದು ಅಂಟದಂತೆ ಉದುರಿಸುವ ಪುಡಿ) ಆದಷ್ಟು ಕಡಿಮೆ, ಒಣಗಲು ಕೆಲವು ದಿನ. ವಾರ್ನಿಶ್, ಲ್ಯಾಮಿನೇಶನ್ ಏನಿದ್ದರೂ ಟೋನರ್ ಬಿದ್ದ ಮೇಲೆ. 19×25 ಇಂಚಿನ ಹಾಳೆಯನ್ನು ಎರಡು ಮಾಡಿದರೆ 12.5×19 ಬರುತ್ತದೆ, 13×19 ತೆಗೆದುಕೊಳ್ಳುವ ಡಿಜಿಟಲ್ ಮೆಷಿನ್ನಿಗೆ ಸಲೀಸು. ಆಫ್‌ಸೆಟ್‌ನಲ್ಲಿ ಗ್ರಿಪ್ಪರ್ (ಹಾಳೆಯನ್ನು ಒಳಗೆ ಎಳೆದುಕೊಳ್ಳುವ ಹಿಡಿಕೆ) ಹಿಡಿದ ಅಂಚನ್ನೇ ಡಿಜಿಟಲ್‌ನಲ್ಲೂ ಅಳತೆಗೆ ಹಿಡಿಯಿರಿ, ಆಗ ಅಕ್ಷರ ತನ್ನ ಜಾಗದಲ್ಲಿ ಕೂರುತ್ತದೆ. ಮಡಿಸುವ ಕಾರ್ಡ್ ಆದರೆ ಕ್ರೀಸಿಂಗ್ (ಮಡಿಕೆಯ ಗೆರೆಯನ್ನು ಮೊದಲೇ ಒತ್ತುವುದು) ಕಡ್ಡಾಯ. ಟೋನರ್ ಕಾಗದದ ಮೇಲ್ಮೈಯಲ್ಲೇ ನಿಲ್ಲುವುದರಿಂದ ಸುಮ್ನೆ ಮಡಿಸಿದರೆ ಬಿರಿಯುತ್ತದೆ.

ಮಳೆಗಾಲ ಇನ್ನೊಂದು ಕಥೆ. ಜೂನ್ ಬಂತೆಂದರೆ ನಮ್ಮ ಕರಾವಳಿಯ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಕಾಗದ ಆ ತೇವ ಕುಡಿಯುತ್ತದೆ, ಫ್ಯೂಸರಿನ ಬಿಸಿ ತಾಗಿದ ಕೂಡಲೇ ಸುರುಳಿಯಾಗುತ್ತದೆ, ಒಳಗೆ ಸಿಕ್ಕಿಕೊಳ್ಳುತ್ತದೆ. ಪೇಪರ್ ಇಡುವ ಕೋಣೆಗೆ ಡಿಹ್ಯುಮಿಡಿಫೈಯರ್ ಹಾಕಿದ್ದೇನೆ, ತೇವ 50–55 ಶೇಕಡಾ ಹತ್ತಿರ ಇರುವಂತೆ ನೋಡಿಕೊಳ್ಳುತ್ತೇನೆ. ಬೇಕಾಗುವ ತನಕ ರೀಮಿನ ಹೊದಿಕೆ ಬಿಚ್ಚುವುದಿಲ್ಲ.

ಬಣ್ಣದ ವಿಷಯದಲ್ಲಿ ದೇವಸ್ಥಾನದ ಸಮಿತಿಯವರ ಕಣ್ಣು ಬಹಳ ಚುರುಕು, ಕೇಸರಿ ಸ್ವಲ್ಪ ಕೆಂಪಾದರೂ ಹಿಡಿಯುತ್ತಾರೆ. ಡಿಜಿಟಲ್ ಪ್ರೂಫ್ (ಒಪ್ಪಿಗೆಗೆ ತೋರಿಸುವ ಮಾದರಿ ಹಾಳೆ) ಮಿಂಚುತ್ತದೆ, ಅದನ್ನು ನೋಡಿ ಒಪ್ಪಿದವರಿಗೆ ಆಫ್‌ಸೆಟ್ ಮಂಕಾಗಿ ಕಾಣುತ್ತದೆ. ಅದಕ್ಕೆ ಡಿಜಿಟಲ್‌ನ ಪ್ರೊಫೈಲನ್ನು (ಬಣ್ಣದ ಸೆಟ್ಟಿಂಗ್) ಆಫ್‌ಸೆಟ್ಟಿನ ಮಟ್ಟಕ್ಕೆ ಇಳಿಸಿ, ಅದೇ ಕಾಗದದ ಮೇಲೆ ಪ್ರೂಫ್ ತೆಗೆದು ಸಹಿ ಹಾಕಿಸುತ್ತೇನೆ. ಆ ಸಹಿಯ ಹಾಳೆ ಆಫ್‌ಸೆಟ್ ಆಪರೇಟರ ಮುಂದೆ ಇರುತ್ತದೆ. ಶಾಲೆಯ ಸ್ಮರಣ ಸಂಚಿಕೆ ಆದರೆ ಮುಖಪುಟ ಒಂದರಲ್ಲಿ, ಒಳಪುಟ ಇನ್ನೊಂದರಲ್ಲಿ ಮಾಡಬಹುದು. ಎದುರುಬದುರಿನ ಎರಡು ಪುಟ ಮಾತ್ರ ಬೇರೆ ಬೇರೆ ಮೆಷಿನ್ನಿನದ್ದು ಆಗಬಾರದು.

ಆಫ್‌ಸೆಟ್ ಇದ್ದವರು ಡಿಜಿಟಲ್ ಕೊಳ್ಳಲು ಹೊರಟರೆ ವೇಗಕ್ಕಿಂತ ಮೊದಲು 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ, ಕಾಗದದ ತೂಕದ ಅಳತೆ) ಕಾರ್ಡ್ ಎರಡೂ ಬದಿ ಓಡುತ್ತದೋ ನೋಡಿ. ನಿಮ್ಮದೇ ಆಫ್‌ಸೆಟ್ ಹಾಳೆ ತೆಗೆದುಕೊಂಡು ಹೋಗಿ ಅದರ ಮೇಲೆ ಓಡಿಸಿ ನೋಡಿ. ಕ್ಲಿಕ್ ಚಾರ್ಜ್ (ಒಂದೊಂದು ಅಚ್ಚಿಗೆ ಕಂಪನಿಗೆ ಕೊಡುವ ದರ) ಕಪ್ಪಿಗೆ ಎಷ್ಟು, ಬಣ್ಣಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ, ಯಾಕೆಂದರೆ ಈ ಕ್ರಮದಲ್ಲಿ ನಿಮ್ಮ ಡಿಜಿಟಲ್ ಕೆಲಸದ ಬಹುಪಾಲು ಬರೀ ಕಪ್ಪಿನದ್ದೇ. ಸರ್ವಿಸ್ ಎಂಜಿನಿಯರ್ ಮಂಗಳೂರಿನಿಂದ ಬರುತ್ತಾರೋ ಕಣ್ಣೂರಿನಿಂದಲೋ, ಮದುವೆ ಸೀಸನ್ನಿನಲ್ಲಿ ಕರೆದ ದಿನವೇ ಬರುತ್ತಾರೋ ಅನ್ನುವುದನ್ನೂ ಹಣ ಕೊಡುವ ಮೊದಲೇ ಕೇಳಿಕೊಳ್ಳಿ.