ಮರದ ನೆಲಕ್ಕೆ ಬಕೆಟ್ ನೀರು ಬೇಡ

ತುಳಿದು ಹಾಳಾದ ಮರದ ನೆಲಕ್ಕಿಂತ ತೊಳೆದು ಹಾಳಾದ ನೆಲವೇ ಹೆಚ್ಚು. ಕಾವಿ ನೆಲ, ಮೊಸಾಯಿಕ್, ಟೈಲ್ಸ್ ಮೇಲೆ ಬೆಳೆದವರಿಗೆ ನೆಲ ಶುಚಿಯಾಗಬೇಕೆಂದರೆ ಬಕೆಟ್ ತುಂಬ ನೀರು, ಒಂದು ಮುಚ್ಚಳ ಫಿನಾಯಿಲ್ ಬೇಕೇ ಬೇಕು. ಮಲೆನಾಡಿನ ಹಳೆ ಮನೆಯ ಮೆತ್ತಿನ (ಮಾಳಿಗೆಯ) ಹಲಗೆಗೂ, ಬೆಂಗಳೂರಿನ ಫ್ಲ್ಯಾಟಿನ ಹೊಸ ವುಡನ್ ಫ್ಲೋರಿಂಗಿಗೂ ಅದೇ ಉಪಚಾರ ನಡೆಯುತ್ತದೆ. ಮೂರ್ನಾಲ್ಕು ವರ್ಷ ಕಳೆದ ಮೇಲೆ ಹಲಗೆಯ ಅಂಚು ಎದ್ದಿದೆ, ಬಣ್ಣ ಕಪ್ಪಾಗಿದೆ ಎಂದು ಬಡಗಿಯನ್ನು ಹುಡುಕುತ್ತೇವೆ.

ಮೊದಲು ನೆಲದ ಜಾತಿ ತಿಳಿಯಿರಿ

ಮರದ ನೆಲ ಎಂದು ನಾವು ಕರೆಯುವುದರಲ್ಲಿ ಮೂರು ಬಗೆ. ಒಂದು, ಇಡೀ ಹಲಗೆಯೇ ಮರ: ತೇಗ, ಹೊನ್ನೆ, ಮತ್ತಿ, ಹೆಬ್ಬಲಸು. ಎರಡು, ಎಂಜಿನಿಯರ್ಡ್ ವುಡ್: ಕೆಳಗೆ ಪ್ಲೈವುಡ್, ಮೇಲೆ ನಿಜವಾದ ಮರದ ಪದರ. ಮೂರು, ಲ್ಯಾಮಿನೇಟ್: ಮರದ ಪುಡಿಯನ್ನು ಒತ್ತಿ ಮಾಡಿದ ಹಾಳೆಯ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೊಂದು ಪಾರದರ್ಶಕ ಲೇಪ.

ಬಾಗಿಲ ಬಳಿ ನೆಲದ ಅಂಚು ಮುಚ್ಚುವ ಪಟ್ಟಿಯನ್ನು ಬಿಚ್ಚಿ ಹಲಗೆಯ ಕಡಿದ ಬದಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಇಡೀ ಮರವಾದರೆ ಎಳೆ ಮೇಲಿನಿಂದ ಕೆಳಗಿನವರೆಗೂ ಒಂದೇ. ಎಂಜಿನಿಯರ್ಡ್ ಆದರೆ ಪದರಗಳು ಕಾಣುತ್ತವೆ. ಮೇಲಿನ ಪದರ 2 ಮಿ.ಮೀ.ಗಿಂತ ತೆಳುವಿದ್ದರೆ ಸ್ಯಾಂಡ್‌ಪೇಪರಿನಿಂದ ಉಜ್ಜುವ ಯಂತ್ರ ಮುಟ್ಟಿಸಬೇಡಿ. ಲ್ಯಾಮಿನೇಟಿನಲ್ಲಿ ಒಂದೇ ಗಂಟಿನ ಗುರುತು ನಾಲ್ಕಾರು ಹಲಗೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದನ್ನು ಉಜ್ಜಿದರೆ ಚಿತ್ರವೇ ಹೋಗುತ್ತದೆ, ಪಾಲಿಶ್ ಹಚ್ಚಿದರೆ ಹಿಡಿಯುವುದಿಲ್ಲ. ಲ್ಯಾಮಿನೇಟ್ ಇರುವವರು ಮುಂದಿನ ಶುಚಿ ಮಾಡುವ ಭಾಗ ಓದಿ ನಿಲ್ಲಿಸಬಹುದು.

ದಿನದ ಕೆಲಸ

ಮರಕ್ಕೆ ನೀರಿನ ನಂತರದ ಶತ್ರು ಚಪ್ಪಲಿಯಲ್ಲಿ ಬರುವ ಮರಳು. ಅದನ್ನು ತುಳಿದಷ್ಟೂ ಲೇಪದ ಮೇಲೆ ಗೀರು ಬೀಳುತ್ತದೆ. ಹಾಗಾಗಿ ಹೊಸ್ತಿಲ ಹೊರಗೊಂದು, ಒಳಗೊಂದು ಕಾಲೊರಸು ಹಾಕಿ. ಗುಡಿಸಲು ಮೆದು ಹುಲ್ಲಿನ ಪೊರಕೆ ಸಾಕು. ತೆಂಗಿನ ಕಡ್ಡಿಯ ಹಿಡಿಸೂಡಿ ಅಂಗಳಕ್ಕಿರಲಿ. ಕುರ್ಚಿ, ಮೇಜಿನ ಕಾಲುಗಳಿಗೆ ಫೆಲ್ಟ್ ಬಿಲ್ಲೆ ಅಂಟಿಸಿ, ಅದರಲ್ಲೂ ಮರಳು ಸಿಕ್ಕಿಕೊಳ್ಳುವುದರಿಂದ ಆಗಾಗ ತೆಗೆದು ನೋಡಿ.

ಒರೆಸುವುದು ವಾರಕ್ಕೆ ಒಂದೆರಡು ಸಲ ಸಾಕು. ಬಟ್ಟೆಯನ್ನು ಹನಿ ಬೀಳದಷ್ಟು ಹಿಂಡಿ, ಹಲಗೆಯ ಎಳೆಯ ದಿಕ್ಕಿನಲ್ಲಿ ಒರೆಸಿ. ಒರೆಸಿದ ಜಾಗ ಒಂದೆರಡು ನಿಮಿಷದಲ್ಲಿ ತಾನಾಗಿ ಒಣಗಬೇಕು. ಒಣಗದಿದ್ದರೆ ಬಟ್ಟೆಯಲ್ಲಿ ನೀರು ಜಾಸ್ತಿ ಇದೆ ಎಂದರ್ಥ. ಫಿನಾಯಿಲ್, ಬ್ಲೀಚಿಂಗ್ ಪೌಡರ್, ಆಸಿಡ್, ಸೋಪಿನ ಪುಡಿ ಯಾವುದೂ ಬೇಡ. ವಿನಿಗರ್ ಹಾಕಿದರೆ ಫಳಫಳ ಎನ್ನುತ್ತದೆ ಎಂಬ ಸಲಹೆ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತಿರುತ್ತದೆ. ಅದೂ ಆಮ್ಲವೇ, ಪದೇ ಪದೇ ಹಾಕಿದರೆ ಲೇಪ ಮಂಕಾಗುತ್ತದೆ. ಮರದ ನೆಲಕ್ಕೆಂದೇ ಸಿಗುವ, ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ ಪಿಎಚ್ ನ್ಯೂಟ್ರಲ್ ದ್ರಾವಣ ಕೊಳ್ಳಿ. ಸ್ಟೀಮ್ ಮಾಪ್ ಇದ್ದರೆ ಅದನ್ನು ಬಚ್ಚಲಿಗೆ ಬಳಸಿ.

ಹಳೆ ಮನೆಗಳಲ್ಲಿ ಇನ್ನೊಂದು ರೂಢಿ ಇದೆ: ಹಲಗೆ ಒಣಕಲಾಗಿ ಕಂಡರೆ ಕೊಬ್ಬರಿ ಎಣ್ಣೆ ಸವರುವುದು. ಕೊಬ್ಬರಿ ಎಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿಯದಲ್ಲ. ಅಂಟಂಟಾಗಿ ಉಳಿದು ಧೂಳು ಹಿಡಿಯುತ್ತದೆ, ಮುಂದೆ ಪಾಲಿಶ್ ಹಾಕುವಾಗ ಲೇಪ ಕೂರಲು ಬಿಡುವುದಿಲ್ಲ.

ಉಜ್ಜಬೇಕೇ? ನೀರಿನ ಹನಿ ಹೇಳುತ್ತದೆ

ಹೆಚ್ಚು ಓಡಾಡುವ ಜಾಗದಲ್ಲಿ ನಾಲ್ಕು ಹನಿ ನೀರು ಹಾಕಿ, ಹತ್ತು ನಿಮಿಷ ಬಿಡಿ. ಹನಿ ಮಣಿಯಂತೆ ನಿಂತರೆ ಲೇಪ ಗಟ್ಟಿಯಾಗಿದೆ, ಶುಚಿ ಮಾಡಿದರೆ ಸಾಕು. ನಿಧಾನಕ್ಕೆ ಹರಡಿ ಮರದ ಬಣ್ಣ ಸ್ವಲ್ಪ ಗಾಢವಾದರೆ ಲೇಪ ಸವೆದಿದೆ. ಹಾಕಿದ ಕೂಡಲೇ ಹೀರಿಕೊಂಡರೆ ಲೇಪವೇ ಇಲ್ಲ.

ನಡುವಿನ ಸ್ಥಿತಿಯಲ್ಲಿರುವ ನೆಲವನ್ನು ಪೂರ್ತಿ ಕೆರೆಯುವುದು ದುಂದು. ಪ್ರತಿ ಸಲ ಉಜ್ಜಿದಾಗಲೂ ಮರದ ಒಂದಿಷ್ಟು ದಪ್ಪ ಹೋಗುತ್ತದೆ, ಅದು ಮತ್ತೆ ಬರುವುದಿಲ್ಲ. 220 ನಂಬರಿನ ಸ್ಯಾಂಡ್‌ಪೇಪರಿನಿಂದ (ನಂಬರ್ ಹೆಚ್ಚಿದಷ್ಟೂ ನಯ) ಹಳೆ ಲೇಪದ ಹೊಳಪು ಮಾತ್ರ ಹೋಗುವಷ್ಟು ತೀಡಿ, ಪುಡಿ ಒರೆಸಿ, ಅದೇ ಜಾತಿಯ ಲೇಪವನ್ನು ಒಂದು ಕೋಟ್ ಹಾಕಿದರೆ ಮತ್ತೆ ಕೆಲವು ವರ್ಷ ನಡೆಯುತ್ತದೆ. ಗುತ್ತಿಗೆದಾರರು ಇದನ್ನು ತಾವಾಗಿ ಹೇಳುವುದು ಕಡಿಮೆ, ಪೂರ್ತಿ ಉಜ್ಜುವುದರಲ್ಲೇ ಅವರಿಗೆ ಕೂಲಿ. ಮೇಣದ ಪಾಲಿಶ್ ಹಾಕಿದ ನೆಲವಾದರೆ ಮಾತ್ರ ಈ ದಾರಿ ಆಗುವುದಿಲ್ಲ, ಮೇಣದ ಮೇಲೆ ಯಾವ ಲೇಪವೂ ನಿಲ್ಲದು. ಹಳೆ ಲೇಪ ಯಾವುದೆಂದು ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡಿ. ಅಂಟಾದರೆ ಅದು ಅರಗಿನಿಂದ ಮಾಡಿದ ಫ್ರೆಂಚ್ ಪಾಲಿಶ್. ಬಾಗಿಲಿಗೆ, ಕಪಾಟಿಗೆ ಚೆಂದ. ನೀರು ಬಿದ್ದರೆ ಬೆಳ್ಳಗಾಗುವುದರಿಂದ ನೆಲಕ್ಕೆ ಸಲ್ಲದು.

ಪೂರ್ತಿ ಉಜ್ಜುವುದಾದರೆ

ಮೊದಲ ಮಾತು ಕಾಲದ್ದು. ದೀಪಾವಳಿ ಕಳೆದು ಹವೆ ಒಣಗಿದ ಮೇಲಿನಿಂದ ಮಾರ್ಚ್‌ವರೆಗಿನ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬಿರುತ್ತದೆ, ಲೇಪ ಒಣಗುವುದಿಲ್ಲ. ಎರಡನೆಯದು, ತಲೆ ಎತ್ತಿ ನೋಡಿ: ಹೆಂಚಿನ ಮನೆಯಾದರೆ ಮಂಗ ಓಡಾಡಿ ಒಡೆದ ಹೆಂಚು ಬದಲಿಸದೆ ಮೆತ್ತಿನ ಹಲಗೆಗೆ ಪಾಲಿಶ್ ಹಾಕುವುದು ವ್ಯರ್ಥ. ಮೂರನೆಯದು ಹುಳು. ಸಣ್ಣ ತೂತುಗಳ ಬಳಿ ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಕುಟ್ಟೆ ಹುಳು ಇನ್ನೂ ಬದುಕಿದೆ. ಗೋಡೆಯಂಚಿನಲ್ಲಿ ಮಣ್ಣಿನ ಗೀಟು ಕಂಡರೆ ಗೆದ್ದಲು. ಪಾಲಿಶ್ ಇವೆರಡನ್ನೂ ಮುಚ್ಚುತ್ತದೆ, ಕೊಲ್ಲುವುದಿಲ್ಲ. ಔಷಧ ಮೊದಲಾಗಲಿ.

ಆಮೇಲೆ ಎದ್ದಿರುವ ಮೊಳೆಗಳ ತಲೆಯನ್ನು ಪಂಚ್ ಇಟ್ಟು ಒಳಗಿಳಿಸಿ. ಒಂದೇ ಮೊಳೆ ಉಳಿದರೂ ಯಂತ್ರದ ಸ್ಯಾಂಡ್‌ಪೇಪರ್ ಹರಿದುಹೋಗುತ್ತದೆ. ಹಲಗೆಗಳ ಮೇಲೆ ಪೆನ್ಸಿಲಿನಿಂದ ಅಡ್ಡಾದಿಡ್ಡಿ ಗೀಚಿ. ಗೀಚು ಎಲ್ಲಿ ಉಳಿದಿದೆಯೋ ಅಲ್ಲಿ ಉಜ್ಜಿಲ್ಲ ಎಂದು ತಿಳಿಯುತ್ತದೆ. 60 ನಂಬರಿನಿಂದ ಶುರು, ಆಮೇಲೆ 80, ಕೊನೆಗೆ 120. ನಡುವಿನದನ್ನು ಹಾರಿಸಿದರೆ ಒರಟು ಗೀರುಗಳು ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತವೆ. ಯಂತ್ರವನ್ನು ಎಳೆಯ ದಿಕ್ಕಿನಲ್ಲೇ ನಡೆಸಿ, ಓಡುತ್ತಿರುವಾಗ ಒಂದೇ ಕಡೆ ನಿಲ್ಲಿಸಬೇಡಿ, ಕ್ಷಣದಲ್ಲಿ ಗುಳಿ ಬೀಳುತ್ತದೆ. ಮೂಗಿಗೆ ಎನ್95 ಮಾಸ್ಕ್ ಕಡ್ಡಾಯ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಹಲಗೆಗೆ ಹಳೆಯ ಕಾಲದ ಬಣ್ಣ ಬಳಿದಿದ್ದರೆ ಅದರಲ್ಲಿ ಸೀಸ ಇರಬಹುದು, ಒಣ ಉಜ್ಜುವಿಕೆ ಬೇಡ.

ಬೇಸಿಗೆಯಲ್ಲಿ ಹಲಗೆಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಕಂಡರೆ ಗಾಬರಿ ಬೇಡ. ಮಳೆ ಬಂದಾಗ ಅದು ಮುಚ್ಚಿಕೊಳ್ಳುತ್ತದೆ. ಈಗ ಗಟ್ಟಿ ಪುಟ್ಟಿ ತುಂಬಿದರೆ ಆಷಾಢದಲ್ಲಿ ಉಬ್ಬಲು ಜಾಗವಿಲ್ಲದೆ ಹಲಗೆಯೇ ಎದ್ದು ನಿಲ್ಲುತ್ತದೆ.

ಲೇಪ: ಎಣ್ಣೆಯೋ, ಪಿಯುವೋ?

ಧೂಳನ್ನು ವ್ಯಾಕ್ಯೂಮ್‌ನಲ್ಲಿ ತೆಗೆದು, ಕೊನೆಗೆ ತೇಗವಾದರೆ ಥಿನ್ನರ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ. ತೇಗದೊಳಗಿನ ಸಹಜ ಎಣ್ಣೆ ಲೇಪ ಹಿಡಿಯಲು ಅಡ್ಡಿ.

ಫ್ಲ್ಯಾಟಿಗೆ, ಮಕ್ಕಳಿರುವ ಮನೆಗೆ ನನ್ನ ಮತ ಪಾಲಿಯುರೆಥೇನ್‌ಗೆ, ಅಂಗಡಿ ಭಾಷೆಯಲ್ಲಿ ಪಿಯು. ಹೊಳೆಯುವ ಗ್ಲಾಸಿ ಬಗೆಗಿಂತ ಹೊಳಪಿಲ್ಲದ ಮ್ಯಾಟ್ ಒಳ್ಳೆಯದು, ಗೀರು ಎದ್ದು ಕಾಣುವುದಿಲ್ಲ. ಡಬ್ಬದ ಮೇಲೆ ನೆಲಕ್ಕೆ ಎಂದು ಬರೆದಿರಬೇಕು. ಕಪಾಟಿನ ಪಿಯು ಕಾಲ್ತುಳಿತ ತಾಳದು. ತೆಳುವಾಗಿ ಮೂರು ಕೋಟ್, ಪ್ರತಿ ಕೋಟಿನ ನಡುವೆ 220ರಲ್ಲಿ ಹಗುರ ತೀಡಿ ಒರೆಸುವುದು. ಫ್ಯಾನ್ ಹಾಕಬೇಡಿ, ಧೂಳು ಕೂರುತ್ತದೆ. ಕಿಟಕಿ ತೆರೆದಿರಲಿ. ಮಾರನೆಯ ದಿನ ಸಾಕ್ಸ್ ಹಾಕಿ ನಡೆಯಬಹುದು, ಸಾಮಾನು ಮೂರ್ನಾಲ್ಕು ದಿನದ ಮೇಲೆ, ಜಮಖಾನ ಎರಡು ವಾರ ಕಳೆದ ಮೇಲೆ.

ಹಳೆ ಮನೆಯ ದಪ್ಪ ಹಲಗೆಗೆ ಎಣ್ಣೆಯ ಲೇಪವೇ ಹೊಂದುತ್ತದೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ (ಕಾಯಿಸಿದ ಅಗಸೆ ಎಣ್ಣೆ) ಎಂದು ಕೇಳಿ. ಅಗಸೆಯ ಹಸಿ ಎಣ್ಣೆ ದಿನಗಟ್ಟಲೆ ಅಂಟಾಗಿದ್ದು ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಮೊದಲ ಕೋಟಿಗೆ ಟರ್ಪೆಂಟೈನ್ ಅರ್ಧಕ್ಕರ್ಧ ಬೆರೆಸಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಸವೆದ ಜಾಗಕ್ಕಷ್ಟೇ ಮತ್ತೆ ಹಚ್ಚಿಕೊಳ್ಳಬಹುದು ಎಂಬುದು ಇದರ ದೊಡ್ಡ ಅನುಕೂಲ, ಪಿಯುನಲ್ಲಿ ಅದಾಗದು. ಆದರೆ ಒರೆಸಿದ ಬಟ್ಟೆಯ ವಿಷಯದಲ್ಲಿ ಎಚ್ಚರ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹೊಮ್ಮುತ್ತದೆ; ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಗೆ ಕಡ್ಡಿ ಗೀರದೆಯೇ ಬೆಂಕಿ ಹತ್ತಬಲ್ಲದು. ಅಂಗಳದಲ್ಲಿ ಬಿಡಿಬಿಡಿಯಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕಲೆ ಬಿದ್ದರೆ

ಬಿಸಿ ಪಾತ್ರೆಯ ಬಿಳಿ ಉಂಗುರ ಲೇಪದಲ್ಲಷ್ಟೇ ಇರುತ್ತದೆ, ಹಗುರವಾಗಿ ತೀಡಿ ಲೇಪ ಹಚ್ಚಿದರೆ ಹೋಗುತ್ತದೆ. ದೀಪದ ಎಣ್ಣೆ ಚೆಲ್ಲಿದರೆ ಮೈದಾ ಸುರಿದು ರಾತ್ರಿಯಿಡೀ ಬಿಡಿ. ಅರಿಸಿನದ ಕಲೆ ಬಿಸಿಲು ಬೀಳುವ ಕಡೆ ತಾನಾಗಿ ಮಾಸುತ್ತದೆ, ಉಜ್ಜಲು ಹೋಗಬೇಡಿ. ಮೊಳೆಯ ಸುತ್ತ, ಹೂಕುಂಡದ ಕೆಳಗೆ ಬರುವ ಕಪ್ಪು ಕಲೆ ಹಟಮಾರಿ: ಮರದ ಒಗರು, ಕಬ್ಬಿಣ, ನೀರು ಮೂರೂ ಸೇರಿದಾಗ ಆಗುವುದು. ಬಾಳೆಕಾಯಿ ಹೆಚ್ಚಿದ ಮೆಟ್ಟುಕತ್ತಿ ಕಪ್ಪಾಗುವುದೂ ಹೀಗೆಯೇ. ಲೇಪ ತೆಗೆದ ಮರಕ್ಕೆ ಆಕ್ಸಾಲಿಕ್ ಆಸಿಡನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿದರೆ ಕಲೆ ತಿಳಿಯಾಗುತ್ತದೆ. ಅದು ವಿಷ; ಕೈಗವಸು ಹಾಕಿ, ಮಕ್ಕಳನ್ನು ದೂರವಿಡಿ, ಹರಳು ಉಳಿಯದಂತೆ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಪೂರ್ತಿ ಒಣಗಿದ ಮೇಲಷ್ಟೇ ಲೇಪ ಹಾಕಿ. ಹೂಕುಂಡಕ್ಕೆ ಇನ್ನು ಮುಂದೆ ಕಾಲಿರುವ ಸ್ಟ್ಯಾಂಡ್ ಇರಲಿ, ಬರಿ ತಟ್ಟೆ ಸಾಲದು.